ಕುದಿಯಬಾರದ ನೀರು

ಕೆಟಲ್ಲು ಸುಯ್ ಅನ್ನುತ್ತಿದೆ, ಈಗ ಒಲೆ ಆರಿಸಬೇಕು, ಮಾಟೆ ಸೊಪ್ಪಿನ ಕಷಾಯಕ್ಕೆ ನೀರು ಇಷ್ಟು ಬಿಸಿಯಾದರೆ ಸಾಕು, ಗುಳ್ಳೆ ಏಳುವ ಮೊದಲೇ ಇಳಿಸಬೇಕು, ಇಳಿಸುವುದಿಲ್ಲ, ಕುದಿಯಲಿ, ಕೊತಕೊತ ಕುದಿಯಲಿ, ಹೊರಗೆ ಮೊಂತೆವಿದಿಯೊದ ಹಾಳು ಆಗಸ್ಟ್ ಚಳಿಗಾಳಿ, ಬಂದವಳು ಬಾಗಿಲಲ್ಲಿ ಇನ್ನೂ ಕಾಲು ಒರೆಸುತ್ತಿದ್ದಾಳೆ, ಎಷ್ಟು ಹೊತ್ತು ಒರೆಸುತ್ತಾಳೋ ಮಹಾರಾಯ್ತಿ, ಅಮ್ಮನನ್ನು ನೋಡಿಕೊಳ್ಳುವ ಕೆಲಸ ಕೇಳಿಕೊಂಡು ಬಂದವರಲ್ಲಿ ಇವಳು ಮೂರನೆಯವಳು. ಮೊದಲನೆಯವಳು ತರಬೇತಿಯ ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಬಂದಿದ್ದಳು, ಎರಡನೆಯವಳು ಎಂಟು ಮುದುಕಿಯರನ್ನು ನೋಡಿಕೊಂಡಿದ್ದಳಂತೆ, ಎಂಟೂ ಜನ ತೀರಿಕೊಂಡರಂತೆ, ಅದನ್ನೂ ಹೆಮ್ಮೆಯಿಂದಲೇ ಹೇಳಿದಳು — ಇಬ್ಬರ ಕೈಗೂ ಈ ಕೆಂಪು ಫ್ಲಾಸ್ಕು ಕೊಟ್ಟೆ, ಒಳಗೆ ಕುದಿದ ನೀರು, ಅಮ್ಮನಿಗೊಂದು ಮಾಟೆ ಮಾಡಿಕೊಡಿ, ಅದೊಂದು ಸರಿಯಿದ್ದರೆ ಅವಳಿಗೆ ಎಲ್ಲ ಸರಿ ಅಂದೆ, ಇಬ್ಬರೂ ಹಿಂದೆಮುಂದೆ ನೋಡದೆ ಸೋರೆ ಬುರುಡೆಯೊಳಗಿನ ಸೊಪ್ಪಿನ ಮೇಲೆ ಸುರಿದರು, ಸೊಪ್ಪು ಸುಟ್ಟು ವಿಷದಂಥ ಕಹಿ, ಅಮ್ಮ ಕೊಳವೆಯಿಂದ ಒಂದು ಗುಟುಕು ಎಳೆದು ಮುಖ ಸಿಂಡರಿಸಿದಳು, ಇವಳು ಬೇಡ. ಅಷ್ಟೇ, ಮುಗಿಯಿತು. ನನಗೆ ನಾಚಿಕೆಯಾಗಲಿಲ್ಲ, ಈಗಲೂ ಆಗುತ್ತಿಲ್ಲ, ಸ್ವಲ್ಪ ಆಗುತ್ತಿದೆ, ಆಗಲಿ. ಅಮ್ಮನ ಸ್ವಂತ ಫ್ಲಾಸ್ಕಂತೂ ಯಾರ ಕೈಗೂ ಸಿಗುವುದಿಲ್ಲ, ಹಸಿರು ಮುಚ್ಚಳದ್ದು, ಒಂದು ಕಡೆ ನೆಗ್ಗಿದ್ದು, ಅಪ್ಪ ಹಡಗುಕಟ್ಟೆಗೆ ಒಯ್ಯುತ್ತಿದ್ದದ್ದು, ಈಗಲೂ ಒಳಗಿನ ಕುರ್ಚಿಯಲ್ಲಿ ಕಂಕುಳಲ್ಲಿ ಅವುಚಿಕೊಂಡೇ ಕೂತಿದ್ದಾಳೆ, ಮಾರ್ಚಿನಲ್ಲಿ ಬಿದ್ದ ಮೇಲೆ ಕೈ ನಡುಗುತ್ತದೆ, ಅರ್ಧ ನೀರು ಮಡಿಲಿಗೇ, ಕೊಡಮ್ಮ ನಾನು ಹಾಕ್ತೀನಿ ಅಂದರೆ, ಬೇಡ, ನೀನು ಹಾಕಿದ್ರೆ ಎರಡೇ ಸಲಕ್ಕೆ ಸೊಪ್ಪು ಸಪ್ಪೆ ಆಗೋಗುತ್ತೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕೊಡಲಿಲ್ಲ.

ಹನ್ನೊಂದು ವರ್ಷ, ಅಮ್ಮನನ್ನು ನೋಡಿಕೊಳ್ಳಲೆಂದು ದಂತವೈದ್ಯರ ಹತ್ತಿರ ಇದ್ದ ಕೆಲಸ ಬಿಟ್ಟೆ, ಸಾಲ್ತೊಗೆ ಬಾ, ಅಲ್ಲಿ ಮನೆ ಮಾಡೋಣ ಅಂದ ರುಬೇನನನ್ನು ಬಿಟ್ಟೆ, ಅಮ್ಮನ ಬೆನ್ನಿನ ಒಂದೊಂದು ಮಚ್ಚೆಯೂ ನನಗೆ ಬಾಯಿಪಾಠ, ಇವಳಿಗೇನು ಗೊತ್ತು, ಈ ಕಾಲೊರೆಸುವವಳಿಗೆ. ಎಲ್ಲ ಶುರುಮಾಡಿದವನು ಅಣ್ಣ ಅರಿಯೆಲ್, ಭಾನುವಾರ ನಾನು ಮಾಡಿದ ರವಿಯೋಲಿಯನ್ನೇ ಎರಡು ತಟ್ಟೆ ತಿಂದು, ಬಾಯೊರೆಸಿಕೊಂಡು, ಮೇಜಿನ ಮೇಲೆ ಕಾಗದ ಹರಡಿದ, ನೋಡು ಮಿರ್ತಾ, ಗಂಟೆ ಲೆಕ್ಕದಲ್ಲಿ ಬರೋರಿದಾರೆ, ಮನೇಲೇ ಉಳ್ಕೊಳ್ಳೋರಿದಾರೆ, ಬೆಳಿಗ್ಗೆ ಬಿಟ್ಟು ಸಾಯಂಕಾಲ ಕರ್ಕೊಂಡು ಬರೋ ಕೇಂದ್ರನೂ ಇದೆ, ಯಾವುದೂ ಸರಿಹೋಗಲಿಲ್ಲ ಅಂದ್ರೆ ಪ್ರಾದೊ ಕಡೆ ಒಂದು ಒಳ್ಳೆ ವೃದ್ಧಾಶ್ರಮ, ತೋಟಗೀಟ ಎಲ್ಲ ಇದೆ — ಮತ್ತೆ ನಾನು? ನೀನು ಸುಧಾರಿಸ್ಕೋ ಕಣೇ, ನಮ್ಮನೆ ಹಿಂದಿನ ಕೋಣೆ ಖಾಲಿ ಇದೆಯಲ್ಲ. ಅಂದರೆ ಅಮ್ಮನ ಪಕ್ಕದ ನನ್ನ ಕೋಣೆ ಬಂದವಳಿಗೆ, ನನಗೆ ಅಣ್ಣನ ಸೈಕಲ್ಲುಗಳ ಜೊತೆ ಜಾಗ. ಅಮ್ಮ ಏನಾದರೂ ಅನ್ನುತ್ತಾಳೆಂದು ನೋಡಿದೆ, ಕಂಕುಳ ಫ್ಲಾಸ್ಕು ಸರಿಮಾಡಿಕೊಂಡಳು, ಅಷ್ಟೇ, ಪಾಪ, ಮಗನಿಗೆ ಹೆದರಿದಳು ಅಂದುಕೊಂಡೆ, ಅಮ್ಮನಿಗೋಸ್ಕರ ನಾನೇ ಏನಾದರೂ ಮಾಡಬೇಕು ಅಂದುಕೊಂಡೆ. ಯಾರೂ ಒಪ್ಪಿಗೆಯಾಗದಿದ್ದರೆ ಅಣ್ಣನೇ ಸುಸ್ತಾಗಿ ಬಿಡುತ್ತಾನೆ, ಇನ್ನೊಂದೇ ಒಂದು ಕೆಟ್ಟ ಮಾಟೆ, ಕುದಿಯಿತು, ಕೆಂಪು ಫ್ಲಾಸ್ಕಿಗೆ ಸುರಿದೆ, ಮುಚ್ಚಿದೆ. ಬಾಮ್ಮ ಒಳಗೆ, ಹೆಸರೇನಂದೆ, ಯಾನಿರಾ, ರಿವೆರಾದವಳು ಅಕ್ಕಾ, ಗಡಿ ಊರು. ದಪ್ಪ ಮಣಿಕಟ್ಟು, ಕತ್ತರಿಸಿದ ಉಗುರು, ಪತ್ರವಿಲ್ಲ ಗಿತ್ರವಿಲ್ಲ.

ಫ್ಲಾಸ್ಕು ಕೊಟ್ಟೆ, ಸೊಪ್ಪು ಹಾಕಿದಳು, ಬುರುಡೆ ಓರೆಮಾಡಿ ತಟ್ಟಿದಳು, ಸುರಿ, ಸುರಿಯೇ, ಮುಚ್ಚಳ ತಿರುಗಿಸಿದಳು, ಆವಿಯ ಮೇಲೆ ಅಂಗೈ ಹಿಡಿದಳು, ನಿಂತಳು. ಅಕ್ಕಾ, ಇದು ಕುದ್ದುಬಿಟ್ಟಿದೆ, ಅಮ್ಮಾವ್ರ ಬಾಯಿ ಸುಡುತ್ತೆ. ಅಯ್ಯೋ, ಮರೆತೆ ಅಂದೆ. ಮರೆತಿದ್ದಲ್ಲ ಕಣಮ್ಮ, ಇದು ಅಮ್ಮನ ದನಿ, ಕುರ್ಚಿಯಿಂದ, ಹಿಂದೆ ಬಂದ ಇಬ್ಬರಿಗೂ ಹಂಗೇ ಕೊಟ್ಟಿದ್ಲು, ನನ್ನ ಮಗಳಿಗೆ ನೀರಿನ ಹದ ಏಳು ವರ್ಷಕ್ಕೇ ಗೊತ್ತು. ಗೊತ್ತಿದ್ದೂ ಕುಡಿದೆಯಾ ಅಮ್ಮ, ಗೊತ್ತಿದ್ದೂ ಅವರನ್ನು ಬೇಡ ಅಂದೆಯಾ? ಮತ್ತೆ, ನನ್ನ ಬಾಯಿ ಸುಟ್ಟೀತು ಅಂತ ನೋಡ್ದೇ ಇರೋರನ್ನ ಇಟ್ಕೊಂಡು ನಾನೇನು ಮಾಡ್ಲಿ, ನಿನ್ನ ಪರೀಕ್ಷೆ ಒಳ್ಳೇದಕ್ಕೇ ಆಯ್ತು. ನಗುತ್ತಿದ್ದಾಳೆ, ಅಯ್ಯೋ, ನಗುತ್ತಿದ್ದಾಳೆ. ಅರಿಯೆಲ್‌ಗೆ ಫೋನ್ ಮಾಡಿ ಯಾರನ್ನಾದ್ರೂ ಹುಡುಕು ಅಂದಿದ್ದು ನಾನೇ ಮಿರ್ತಾ, ಅವನನ್ನ ಬೈಬೇಡ. ಯಾವಾಗ? ನೀನು ಔಷಧಿ ಅಂಗಡಿಗೆ ಹೋಗಿದ್ದೆಯಲ್ಲ, ಆವತ್ತು. ಆವತ್ತು, ಎದೆ ಹಿಡ್ಕೊಂಡಂಗಾಗುತ್ತೆ ಅಂದಿದ್ದಳು, ಸ್ವೆಟರ್ ಕೂಡ ಹಾಕಿಕೊಳ್ಳದೆ ಓಡಿದ್ದೆ, ದೇವರೇ ಇವತ್ತೊಂದಿನ ಉಳಿಸು ಅಂತ ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ, ಅಷ್ಟರಲ್ಲಿ ಇವಳು ಇಲ್ಲಿ ನಂಬರು ಒತ್ತುತ್ತಿದ್ದಳು, ಆ ನಡುಗುವ ಬೆರಳಲ್ಲಿ, ಒಂದೊಂದೇ ಅಂಕಿ, ನನ್ನನ್ನು ಕಳಿಸಿಬಿಡಲು. ಯಾಕಮ್ಮ, ನಾನೇನು ಕಡಿಮೆ ಮಾಡಿದೆ? ಕಡಿಮೆ ಏನಿಲ್ಲ ಮಗಳೇ, ಸ್ನಾನ ಮಾಡಿಸುವಾಗ ಅಳ್ತೀಯ, ನನಗೆ ಕಾಣಲ್ಲ ಅಂದ್ಕೊಂಡಿದೀಯ, ದಿನಾ ನನ್ನ ಹೆಣ ತೊಳೆದಂಗೆ ತೊಳೀತೀಯ, ನಾನಿನ್ನೂ ಬದುಕಿದೀನಿ ಕಣೇ.

ಹೌದು, ಅಳುತ್ತಿದ್ದೆ, ಬೆನ್ನ ಹಿಂದೆ ನಿಂತು, ನಲ್ಲಿ ಜೋರಾಗಿ ಬಿಟ್ಟು, ಅಳದೆ ಇನ್ನೇನು ಮಾಡಲಿ, ನನ್ನಮ್ಮ ಅದು, ಯಾನಿರಾ ಅಳುವುದಿಲ್ಲ, ಅವಳಿಗೆ ಅದು ಬರೀ ಒಂದು ಬೆನ್ನು, ಅಮ್ಮನಿಗೆ ಅದೇ ಬೇಕಂತೆ, ಗುರುತಿಲ್ಲದ ಕೈ ಬೇಕಂತೆ, ಒಂದು ಮಾತು ನನಗೇ ಹೇಳಬಹುದಿತ್ತಲ್ಲ, ನಿಲ್ಲಿಸುತ್ತಿದ್ದೆ, ಕಣ್ಣು ಕಿತ್ತಿಟ್ಟಾದರೂ ನಿಲ್ಲಿಸುತ್ತಿದ್ದೆ. ಯಾನಿರಾ ಕೆಂಪು ಫ್ಲಾಸ್ಕಿನ ನೀರನ್ನು ತೊಟ್ಟಿಗೆ ಚೆಲ್ಲುತ್ತಿದ್ದಾಳೆ, ನನ್ನ ಮುಖ ನೋಡದ ಹಾಗೆ, ಅಷ್ಟು ಮರ್ಯಾದೆ ಇದೆ ಅವಳಿಗೆ, ಬೇರೆ ನೀರು ಇಡ್ಲಾ ಅಮ್ಮಾ, ಬೇಡ ಬಿಡು, ಇಲ್ಲಿ ಬಾ, ಇದರಲ್ಲಿ ಹದವಾದ ನೀರಿದೆ, ಅಮ್ಮ ತೋಳು ಸಡಿಲ ಮಾಡುತ್ತಿದ್ದಾಳೆ, ಕಂಕುಳಿಂದ ತೆಗೆಯುತ್ತಿದ್ದಾಳೆ, ಅಪ್ಪನ ಫ್ಲಾಸ್ಕು, ನಾನು ಎರಡು ಕೈ ಮುಂದೆ ಮಾಡಿದೆ, ಅಭ್ಯಾಸ, ಬಿದ್ದೀತೆಂದು, ನನ್ನ ಕೈ ದಾಟಿ ಹೋಯಿತು, ಹಸಿರು ಮುಚ್ಚಳ, ನೆಗ್ಗಿದ ಹೊಟ್ಟೆ, ಅಮ್ಮನ ಕೈ ನಡುಗುತ್ತಿದೆ, ಚಾಚಿದ್ದಾಳೆ, ತಗೋಮ್ಮ ನೀನೇ ಹಾಕು, ಅವಳ ಕಡೆಗೆ, ಹಸಿರು ಮುಚ್ಚಳ, ಅವಳ ಕಡೆಗೆ —