ಕಾಯಿಸಿದವನ ಜನಾಜ

ಇಮಾಮರು ಎರಡನೇ ಸಲ ಕೇಳಿದಾಗಲೂ ಸೊಬ್ರಿ ಬಾಯಿ ಬಿಡಲಿಲ್ಲ.

"ತೀರಿಕೊಂಡ ಈ ಜೈಲಾನಿಯಿಂದ ನಿಮಗೇನಾದ್ರೂ ನೋವಾಗಿದ್ರೆ ಮಾಫಿ ಮಾಡಿದ್ದೀರಾ?"

"ಮಾಡಿದ್ದೀವಿ," ಎಂದಿತು ಮಸೀದಿಯ ಅಂಗಳ. ನೆರೆದವರಲ್ಲಿ ಅರ್ಧಕ್ಕರ್ಧ ಲಾರಿ ಚಾಲಕರು. ಗಡಿಯಾಚೆಯಿಂದ ರಬ್ಬರ್ ತುಂಬಿದ ಕಂಟೇನರುಗಳನ್ನು ಗಡಿಯೂರು ಪಾದಾಂಗ್ ಬೆಸಾರಿನ ಗೂಡ್ಸ್ ಯಾರ್ಡಿಗೆ ತಂದು ರೈಲಿಗೆ ಹತ್ತಿಸುವವರು. ಜೈಲಾನಿ ಇಪ್ಪತ್ತಾರು ವರ್ಷ ಆ ಯಾರ್ಡಿನ ಗೇಟಿನಲ್ಲಿ ನಿಂತು ಪ್ರತಿ ಕಂಟೇನರನ್ನೂ ತಟ್ಟಿ ಮುಟ್ಟಿ ನೋಡಿದವನು. ಅವನು ಕಾಯಿಸದ ಚಾಲಕ ಅಲ್ಲಿ ಒಬ್ಬನೂ ಇರಲಿಲ್ಲ. ಆದರೂ ಎಲ್ಲರೂ ಮಾಫಿ ಮಾಡಿದರು, ಸೊಬ್ರಿ ಒಬ್ಬನ ಹೊರತು.

ಪರದೆಯಾಚೆ ಕೂತಿದ್ದ ಜೈಲಾನಿಯ ಹೆಂಡತಿ ಸಲ್ಬಿಯಾ ಅದನ್ನು ಗಮನಿಸಿದಳು. ನಮಾಜು ಮುಗಿದದ್ದೇ ಎದ್ದು ಬಂದು ಹೆಣ ಹೊರುವ ಜನಾಜದ ಹಿಡಿಯನ್ನು ಹಿಡಿದು ಕೂತುಬಿಟ್ಟಳು.

"ಸೊಬ್ರಿ ಹೇಳಲಿಲ್ಲ. ಅವನು ಹೇಳೋ ತನಕ ಎತ್ತಕೂಡದು."

"ತಡ ಮಾಡಬಾರದಮ್ಮ," ಇಮಾಮರು ಗದರಿದರು. ಅವಳು ಕದಲಲಿಲ್ಲ.

ಸೊಬ್ರಿಯ ಜೊತೆಗಾರ ರೊಸ್ಲಾನ್ ಗಡಿಯಾರ ನೋಡಿಕೊಂಡು ಹಲ್ಲು ಕಡಿದ. "ಬದುಕಿದ್ದಾಗ ಗೇಟಲ್ಲಿ ಕಾಯಿಸ್ದ, ಸತ್ತ ಮೇಲೆ ಮಸೀದೀಲಿ ಕಾಯಿಸ್ತಾನೆ. ಮೂರು ಗಂಟೆ ರೈಲಿಗೆ ನನ್ನ ಕಂಟೇನರ್ ಪೆಟ್ಟಿಗೆ ಹತ್ತಬೇಕು ಮಾರಾಯ. ಒಂದು ಮಾತು ಉಗುಳು, ಮುಗೀಲಿ."

"ಇಲ್ಲದ ಮಾತು ಎಲ್ಲಿಂದ ಉಗುಳ್ಲಿ?"

*

ಕಂಟೇನರನ್ನು ಎತ್ತುವಾಗ ಕ್ರೇನಿನ ಕೊಕ್ಕೆಗಳು ಅದರ ನಾಲ್ಕು ಮೂಲೆಯ ತೂತುಗಳನ್ನು ಕಚ್ಚುತ್ತವೆ. ಜೈಲಾನಿ ಆ ತೂತುಗಳಿಗೆ ಬೆರಳು ಹಾಕಿ ತಡಕುತ್ತಿದ್ದ. ಒಂಬತ್ತು ವರ್ಷದ ಹಿಂದೆ ಸೊಬ್ರಿ ತಂದ ಕಂಟೇನರಿನಲ್ಲಿ ಅವನ ಬೆರಳು ಒಂದು ಕಡೆ ನಿಂತಿತು.

"ಇದು ಸೀಳಿದೆ. ಎತ್ತೋಕಾಗಲ್ಲ."

"ಕೂದಲೆಳೆಯಷ್ಟಿದೆ, ಜೈಲಾನಿ ಅಣ್ಣ. ಕಾಂಗಾರ್ ಆಸ್ಪತ್ರೇಲಿ ಅಮ್ಮ ಈಗಲೋ ಆಗಲೋ ಅಂತಿದಾಳೆ. ಕಂಡೂ ಕಾಣದ ಹಾಗೆ ಬಿಟ್ಬಿಡಿ."

"ಕ್ರೇನಿನ ಕೆಳಗೆ ಜನ ಓಡಾಡ್ತಾರೆ, ತಮ್ಮ."

ಹಿಂದೆ ಲಾರಿ, ಮುಂದೆ ಲಾರಿ. ಮೇಲಿನವರು ಬಂದು ಲಾರಿಯನ್ನು ವಾಪಸು ಕಳಿಸುವ ಹೊತ್ತಿಗೆ ಐದು ತಾಸು ಕಳೆದಿತ್ತು. ಸೊಬ್ರಿ ಕಾಂಗಾರ್ ಮುಟ್ಟಿದಾಗ ತಾಯಿಯ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಮಾರನೆಯ ದಿನ ಗೇಟಿನಲ್ಲಿದ್ದ ಬೇರೊಬ್ಬ ತಪಾಸಣೆಗಾರ ಅದೇ ಕಂಟೇನರನ್ನು ಸರಿಯಿದೆ ಎಂದು ಬಿಟ್ಟ. ಕ್ರೇನು ಎತ್ತಿತು, ರೈಲು ಬಂದರಿಗೆ ಒಯ್ದಿತು, ಹಡಗೂ ಹತ್ತಿತು. ಯಾರ ತಲೆಯ ಮೇಲೂ ಏನೂ ಬೀಳಲಿಲ್ಲ. ಸೊಬ್ರಿ ಇದನ್ನು ಒಂಬತ್ತು ವರ್ಷ ಊರಿನ ಎಲ್ಲ ಚಹಾದಂಗಡಿಗಳಲ್ಲೂ ಹೇಳಿದ. ಜೈಲಾನಿ ಒಳಗೆ ಬಂದರೆ ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಿದ್ದ. ಜೈಲಾನಿ ಒಂದು ದಿನವೂ ಎದುರು ಮಾತಾಡಲಿಲ್ಲ.

*

ಸೊಬ್ರಿ ಸಲ್ಬಿಯಾಳ ಮುಂದೆ ಕುಕ್ಕುರುಗಾಲಲ್ಲಿ ಕೂತ. "ಏಳಿ, ಚಿಕ್ಕಮ್ಮ. ಹೊತ್ತಾಯ್ತು."

"ನೀನು ಹೇಳು, ಏಳ್ತೀನಿ."

"ಅವರು ಒಂದೇ ಒಂದು ಸಲ ತಪ್ಪಾಯ್ತು ಅಂದಿದ್ರೆ ನಾನು ಯಾವತ್ತೋ..."

"ಅನ್ನೋ ಜಾತಿ ಅಲ್ಲಪ್ಪ ಅದು. ಮೊಂಡ. ಅನ್ನ ಸೀದಿದ್ರೆ ಮೂರು ಮನೆಗೆ ಕೇಳೋ ಹಾಗೆ ಸೀದಿದೆ ಅನ್ನೋನು. ಕಟ್ಕೊಂಡೋಳಿಗೇ ಒಂದು ದಿನ ತಪ್ಪಾಯ್ತು ಅಂದವನಲ್ಲ." ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. "ಆದ್ರೆ ಅವತ್ತು ಅವನೇನು ಸುಖವಾಗಿರ್ಲಿಲ್ಲ, ಸೊಬ್ರಿ. ಬೈಕಿನ ಕೀಲಿ ಬೇರೆ ಕಳ್ಕೊಂಡು ಅಷ್ಟು ದೂರ ತಳ್ಕೊಂಡು ಬಂದ. ಎಲ್ಲಿ ಹೋಯ್ತು ಅಂದ್ರೆ ಹಳಿ ಮಧ್ಯೆ ಬಿತ್ತು ಅಂದ, ಅಷ್ಟೇ. ಉಣ್ಣದೆ ಮಲಗ್ದ."

ಕೀಲಿ ಬಿದ್ದಿರಲಿಲ್ಲ. ಆ ಮಧ್ಯಾಹ್ನ ಜೈಲಾನಿ ಅದನ್ನು ಸೊಬ್ರಿಯ ಅಂಗೈಗೆ ಒತ್ತಿ, "ಲಾರಿ ನಾನು ನೋಡ್ಕೋತೀನಿ, ನೀನು ಹೋಗು," ಎಂದಿದ್ದ. "ನಿಮ್ಮ ಬೈಕು ಯಾರಿಗೆ ಬೇಕು, ಪೆಟ್ಟಿಗೆ ಎತ್ತಿಸಿ!" ಎಂದು ಸೊಬ್ರಿ ಕೀಲಿಯನ್ನು ಹಳಿಗಳಾಚೆ ಎಸೆದಿದ್ದ. ಆಮೇಲೆ ಐದು ತಾಸು ಹಟ ಹಿಡಿದು ಲಾರಿಯಲ್ಲೇ ಕೂತಿದ್ದ. ಊರೆಲ್ಲ ಹೇಳಿಕೊಂಡು ತಿರುಗಿದ ಕತೆಯಲ್ಲಿ ಕೀಲಿಯ ಸುದ್ದಿಯನ್ನು ಅವನು ಎಂದೂ ತಂದಿರಲಿಲ್ಲ. ಜೈಲಾನಿ ಹೆಂಡತಿಗಾದರೂ ಹೇಳಿರುತ್ತಾನೆ ಎಂದುಕೊಂಡಿದ್ದ.

"ಚಿಕ್ಕಮ್ಮ," ಎಂದ ಸೊಬ್ರಿ. "ಕೀಲಿ ಬೀಳ್ಲಿಲ್ಲ. ನೀನು ಹೋಗು ಅಂತ ನನ್ನ ಕೈಗೆ ಕೊಟ್ಟಿದ್ರು. ನಾನೇ ಎಸೆದೆ."

ರೊಸ್ಲಾನ್ ಗಡಿಯಾರ ನೋಡುವುದನ್ನು ಬಿಟ್ಟ. ಸಲ್ಬಿಯಾ ಸೊಬ್ರಿಯತ್ತ ತಿರುಗಿದಳು.

"ಒಂಬತ್ತು ವರ್ಷ," ಎಂದಳು. "ಒಂಬತ್ತು ವರ್ಷ ನನ್ನ ಗಂಡನ್ನ ಊರ ಬಾಯಿಗೆ..." ಜನಾಜದ ಹಿಡಿಯಿಂದ ಕೈ ತೆಗೆದಳು. "ಎತ್ರಪ್ಪ," ಎಂದಳು, ಅವನಿಗಲ್ಲ, ಉಳಿದವರಿಗೆ.

*

ಖಬರಸ್ತಾನದಲ್ಲಿ ಗುಂಡಿಗೆ ಇಳಿಯಲು ಗಟ್ಟಿಮುಟ್ಟಾದವನು ಬೇಕಿತ್ತು. ಯಾರೂ ಕರೆಯದೆ ಸೊಬ್ರಿ ಇಳಿದ. ದೇಹವನ್ನು ಬಲಮಗ್ಗುಲಿಗೆ ತಿರುಗಿಸಿ, ಕಫನ್ ಬಟ್ಟೆಯ ಗಂಟು ಸಡಿಲಿಸಿ, ಕೆನ್ನೆಯನ್ನು ಮಣ್ಣಿಗೆ ತಾಗಿಸಿದ. ದೇಹ ಹೊರಳದಂತೆ ಬೆನ್ನ ಹಿಂದೆ ಮಣ್ಣಿನ ಉಂಡೆಗಳನ್ನು ಒತ್ತಿ ಇಡಬೇಕು. ತಲೆಗೊಂದು, ಸೊಂಟಕ್ಕೊಂದು, ಹಿಮ್ಮಡಿಗೊಂದು ಇಟ್ಟು, ಒಂದೊಂದನ್ನೂ ಅಲ್ಲಾಡಿಸಿ ನೋಡಿದ.

"ಸಾಕು ಬಾರೋ," ಮೇಲಿನಿಂದ ರೊಸ್ಲಾನ್ ಕೂಗಿದ. "ಎರಡೂವರೆ ಆಯ್ತು."

"ಭುಜ ಇನ್ನೂ ಅಲ್ಲಾಡ್ತಿದೆ. ಇನ್ನೊಂದು ಉಂಡೆ ಕೊಡಿ."

"ನೆಟ್ಟಗೇ ಇದೆಯಲ್ಲೋ! ಮೇಲೆ ಹಲಗೆ ಬರುತ್ತೆ, ಮಣ್ಣು ಬರುತ್ತೆ, ಯಾರು ನೋಡ್ತಾರೆ?"

ಸೊಬ್ರಿ ಮೇಲೆ ಹತ್ತಲಿಲ್ಲ. ಕೈ ಚಾಚಿಕೊಂಡೇ ನಿಂತ. ಚಾಲಕರು ಗೊಣಗಿದರು, ಒಬ್ಬರೂ ಬಗ್ಗಲಿಲ್ಲ. ದೂರದ ಯಾರ್ಡಿನಿಂದ ರೈಲು ಒಂದು ಸಲ ಕೂಗಿತು.

ಆಗ ಸಲ್ಬಿಯಾ ಜನರ ನಡುವೆ ದಾರಿ ಮಾಡಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಒಂದು ಹಿಡಿ ಹಸಿ ಮಣ್ಣನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಅದುಮಿ ಉಂಡೆ ಕಟ್ಟಿ, ಅವನ ಮುಖ ನೋಡದೆ, ಅವನ ಅಂಗೈಯಲ್ಲಿಟ್ಟಳು.