ಕಡಲಕೋಟೆಯ ಹುಣಸೆ ಮರ

"ಕೈ ಕೊಡಿ ಅಕ್ಕಾ, ಮೆಟ್ಲು ಜಾರ್ತದೆ." ಮೊದಲು ದೋಣಿಯಿಂದಿಳಿದ ಮುಖ್ತಾರ್ ಸಾಬರು ಹಿಂದಕ್ಕೆ ತಿರುಗಿ ಕೈ ಚಾಚಿದರು. ಪುಟ್ಟತಾಯಮ್ಮ ನೆರಿಗೆ ಎತ್ತಿ ಹಿಡಿದು ಪಾಚಿಗಟ್ಟಿದ ಕಲ್ಲಿನ ಮೇಲೆ ಹೆಜ್ಜೆಯಿಟ್ಟಳು. ಹಿಂದೆ ಬೊಂಬಾಯಿ ಬಂದರಿನ ಹಡಗುಗಳು. ಎದುರಿಗೆ ಕಡಲ ನಡುವಿನ ಕೋಟೆ.

ಜರ್ಮನ್ ಯುದ್ಧದ ಕಾಲದಲ್ಲಿ ಅವಳ ಗಂಡ ನಿಂಗಯ್ಯ ಎರಡು ವರ್ಷ ಇಲ್ಲಿ ಫಿರಂಗಿಯ ಗುಂಡು ಹೊತ್ತಿದ್ದ. ಹುಣಸೂರಿನಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಮುಖ್ತಾರ್ ಸಾಬರೂ ಅವನ ಜೊತೆ ಬಂದು ತೊಗಲಿನ ಕೆಲಸ ಮಾಡಿದ್ದರು. ಊರಿಗೆ ಬರೆಸಿದ ಕಾಗದಗಳಲ್ಲೂ, ಬಿಳಿಕೆರೆಗೆ ಮರಳಿದ ಮೇಲೆ ನಿಂಗಯ್ಯನ ಬಾಯಲ್ಲೂ ಇದೇ ಕೋಟೆಯ ಮಾತು: ಅಂಗಳದಲ್ಲೊಂದು ಹುಣಸೆ ಮರ, ಮಧ್ಯಾಹ್ನವೆಲ್ಲ ಅದರ ನೆರಳು, ತಣ್ಣನೆಯ ಗಾಳಿ. ಹೋದ ವರ್ಷ ಅವನು ತೀರಿಕೊಂಡ. ಈಗ ಸಾಬರು ಹಜ್ಜಿನ ಹಡಗು ಹತ್ತಲು ಹೊರಟಾಗ ಪುಟ್ಟತಾಯಮ್ಮ ಮಗ ದೇವರಾಜುವನ್ನು ಕಟ್ಟಿಕೊಂಡು ಅವರ ಜೊತೆ ರೈಲು ಹತ್ತಿದ್ದಳು. ಆ ಮರವನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ದೋಣಿಗೆ ಹೆದರಿ ದೇವರಾಜು ದಡದಲ್ಲೇ ಉಳಿದಿದ್ದ.

ಸಾಬರ ಹಳೆಯ ನೌಕರಿ ಕಾಗದ ನೋಡಿ ಹವಾಲ್ದಾರ ಅರ್ಧ ಗಂಟೆಗೆ ಒಳಗೆ ಬಿಟ್ಟ.

ಒಳಗೆ ಬರೀ ಕಲ್ಲು. ತುಕ್ಕು ಹಿಡಿದ ಎರಡು ಫಿರಂಗಿ, ನೀರಿನ ಪೀಪಾಯಿ, ಸುಡುವ ಬಿಸಿಲು. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

"ಮರ ಕಡಿದ್ಬುಟ್ರಾ ಸಾಬ್ರೇ?"

ಸಾಬರು ಗಡ್ಡ ನೀವಿಕೊಂಡರು. "ಇರ್ಲೇ ಇಲ್ಲ ಕಣಕ್ಕಾ. ನಿಮ್ಗೆ ಅವ್ನ ಕಾಗ್ದ ಬರ್ಕೊಡ್ತಿದ್ದೋನು ನಾನು. ಕುಡಿಯೋ ನೀರೂ ದೋಣೀಲೇ ಬರ್ಬೇಕಿತ್ತು. ಬಿಸ್ಲಿಗೆ ನಿಂಗಯ್ಯನ ಬೆನ್ನೆಲ್ಲ ಬೊಬ್ಬೆ ಎದ್ದಿತ್ತು. ಆದ್ರೂ, 'ನೆರಳೈತೆ ಅಂತ ಬರಿ ಸಾಬಾ, ಇಲ್ದಿದ್ರೆ ಅವ್ಳು ಉಣ್ಣೋದೇ ಬುಟ್ಬುಡ್ತಾಳೆ' ಅಂತಿದ್ದ. ಊರಲ್ಲೇ ಯೋಳ್ಬೇಕಿತ್ತು, ಬಾಯಿ ಬರ್ಲಿಲ್ಲ."

ಪುಟ್ಟತಾಯಮ್ಮನಿಗೆ ಸಿಟ್ಟು ಬಂತು. ಊರಿಗೆ ಬಂದ ಮೇಲೆ ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿದವನು ಒಮ್ಮೆಯಾದರೂ ಹೇಳಬಾರದಿತ್ತೇ? ಆಮೇಲೆ, ತಡೆಯಲಾರದೆ, ನಗು ಬಂತು.

"ನಾನೇನು ಕಮ್ಮಿನಾ ಸಾಬ್ರೇ? ಅವ್ರು ಇಲ್ಲಿದ್ದ ವರ್ಸ ಎತ್ತು ಎರಡೂ ಸತ್ತೋದ್ವು. ನಾನೂ ನಮ್ ನಾದಿನಿ ಮಾರಮ್ಮನೂ ನೊಗಕ್ಕೆ ಎಗಲು ಕೊಟ್ಟು ಉತ್ತೋ. 'ಎತ್ತು ಚೆಂದಾಗವೆ' ಅಂತ ಮೇಷ್ಟ್ರ ಕೈಲಿ ಬರೆಸ್ದೆ. ಅವ್ರು ಬಂದ್ಮೇಲೆ, ಮಾರ್ಬುಟ್ಟೆ ಅಂದೆ. ನೊಗ ಉಜ್ಜಿ ಜಡ್ಡುಗಟ್ಟಿದ ನನ್ನ ಎಗಲು ನೋಡುದ್ರು, ಅಷ್ಟೇಯ."

ಅವಳು ಫಿರಂಗಿಯ ಪಕ್ಕದ ಕಟ್ಟೆಯ ಮೇಲೆ ಕೂತಳು. ಕಲ್ಲು ಕಾದಿತ್ತು. ಸಾಬರು ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು.

"ಬ್ಯಾಡ, ಮಡಿಚ್ಬುಡಿ."

ತಲೆಯ ಮೇಲಿನ ಸೆರಗನ್ನೂ ಜಾರಿಸಿಕೊಂಡು, ದೋಣಿಯವನು ಕೂಗುವವರೆಗೂ ಅವಳು ಆ ಬಿಸಿಲಲ್ಲೇ ಕೂತಿದ್ದಳು.