ಹಿಮ ಯಾರ ಬಾಗಿಲಿಗೆ

ಜಿಲ್ಲೆಯ ಹಿಮ ತೆಗೆಯುವ ಯಂತ್ರ ನಮ್ಮೂರಿಗೆ ಬರುವುದು ಮಂತ್ರಿ ಬಂದಾಗ ಮಾತ್ರ. ಮಂತ್ರಿ ಚಳಿಗಾಲದಲ್ಲಿ ಬರುವುದಿಲ್ಲ. ಸೇತುವೆಯಿಂದ ಶಾಲೆಯವರೆಗಿನ ಏರುದಾರಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಕಲ್ಲಿದ್ದಲು, ಹಿಟ್ಟು, ಕಾಯಿಲೆಯವರು, ಎಲ್ಲವೂ ಹೆಗಲ ಮೇಲೆ. ಈ ಸಲ ಊರವರೇ ಕೈಹಾಕಿದರು. ಊರಿನ ಮೆಕ್ಯಾನಿಕ್ ಎಸೆನ್‌ಕುಲನ ಅಂಗಳದಲ್ಲಿ ಕೊಲ್ಖೋಜ್, ಅಂದರೆ ಸೋವಿಯತ್ ಸಾಮೂಹಿಕ ಬೇಸಾಯದ ಕಾಲದ ಒಂದು ಟ್ರ್ಯಾಕ್ಟರ್ ನಿಂತಿತ್ತು. ಅದರ ಬಣ್ಣ ಯಾವುದಿತ್ತೆಂದು ಈಗ ಯಾರಿಗೂ ನೆನಪಿಲ್ಲ, ಆದರೆ ಎಂಜಿನ್ ಕೆಮ್ಮಿಕೊಂಡಾದರೂ ಏಳುತ್ತಿತ್ತು. ಅದರ ಮುಂದಕ್ಕೆ ಹಿಮ ತಳ್ಳುವ ಬ್ಲೇಡು ಕೂರಿಸುವುದೆಂದು ತೀರ್ಮಾನವಾಯಿತು.

ಮನೆಗೊಂದು ಆಳು ಬಂದ, ಮನೆಗೊಂದು ತುಂಡು ಕಬ್ಬಿಣ ಬಂತು. ಹಳೆಯ ಪೆಟ್ರೋಲ್ ಟ್ಯಾಂಕನ್ನು ಉದ್ದಕ್ಕೆ ಸೀಳಿದಾಗ ಬ್ಲೇಡಿಗೆ ಬೇಕಾದ ಬಾಗು ತಾನಾಗಿಯೇ ಸಿಕ್ಕಿತು. ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಬಡಿದು ಅದರ ಬಾಯಿಗೆ ಅಂಚು ಕಟ್ಟಿದರು. ಒತ್ತಡವೆಲ್ಲ ಮುಂದಿನ ಅಚ್ಚಿನ ಮೇಲೆ ಬಿದ್ದರೆ ಅದು ಮುರಿಯುತ್ತದೆಂದು ಎಸೆನ್‌ಕುಲ್ ಎರಡು ಕಬ್ಬಿಣದ ಚಾನಲ್‌ಗಳನ್ನು ಟ್ರ್ಯಾಕ್ಟರಿನ ಹೊಟ್ಟೆಯಡಿ ಹಾಯಿಸಿ ಹಿಂದಿನ ಅಚ್ಚಿಗೆ ಬೋಲ್ಟು ಹಾಕಿ ಬಿಗಿದ. ಎತ್ತಿಳಿಸಲು ಒಂದು ಚೈನು, ಒಂದು ಹಿಡಿ. ಬ್ಲೇಡಿನ ನಡುವೆ ದಪ್ಪ ಪಿನ್ನು ಹಾಕಿ ಅದನ್ನು ಎಡಕ್ಕೂ ಬಲಕ್ಕೂ ತಿರುಗುವಂತೆ ಮಾಡುವುದೊಂದೇ ಉಳಿದಿತ್ತು.

ಅಲ್ಲಿಗೆ ಸಾದಿರ್‌ಬಾಯ್ ಆತಾ ಬಂದರು. ಊರಿನ ಹಿರಿಯರು; ಆತಾ ಎಂದರೆ ಅಪ್ಪ. ಡೀಸೆಲ್ ಅವರದು, ಕೆಲಸದವರ ಊಟಕ್ಕೆ ಕಡಿಯುವ ಕುರಿ ಅವರದು, ಹಾಗಾಗಿ ಮಾತೂ ಅವರದು.

"ಪಿನ್ನೆಲ್ಲ ಯಾಕೆ? ಒಂದೇ ಕಡೆಗೆ ಓರೆಯಿಟ್ಟು ವೆಲ್ಡಿಂಗ್ ಹೊಡೆದುಬಿಡು."

"ಹಂಗ್ ಮಾಡಿದ್ರೆ ಹಿಮ ಒಂದೇ ಕಡೆ ಬೀಳತ್ತೆ ಆತಾ. ಪಿನ್ನಿದ್ರೆ ಒಂದ್ಸಲ ಈ ಕಡೆ, ಒಂದ್ಸಲ ಆ ಕಡೆ ತಿರುಗಿಸ್ಕೋಬಹುದು."

"ಪಿನ್ನು ಉದುರತ್ತೆ. ನಿನ್ನ ಗಾಡೀಲಿ ಉದುರದೇ ಇರೋದು ಏನಿದೆ ಹೇಳು, ನಿನ್ನನ್ನ ಬಿಟ್ಟು?"

ಎಲ್ಲರೂ ನಕ್ಕರು. ಎಸೆನ್‌ಕುಲನೂ ನಕ್ಕ. ನಗದೆ ಏನು ಮಾಡಿಯಾನು?

"ಯಾವ ಕಡೆಗೆ ಓರೆ ಇಡ್ಲಿ?"

"ಕೆಳಗಡೆಗೆ. ಹಿಮ ಕೆಳಕ್ಕೆ ತಾನೇ ಹೋಗೋದು? ಗುಡ್ಡ ಹತ್ತತ್ತಾ?"

ದಾರಿಯ ಮೇಲ್ಮಗ್ಗುಲಲ್ಲಿ ಇರುವುದು ಆತಾರ ಮನೆ, ಅವರ ಅಣ್ಣತಮ್ಮಂದಿರ ಮನೆಗಳು, ಬಣ್ಣದ ಗೇಟುಗಳು. ಕೆಳಮಗ್ಗುಲಲ್ಲಿ ನಾವು, ಎಸೆನ್‌ಕುಲನೂ ಸೇರಿದಂತೆ, ಅವರ ಕುರಿ ಕಾಯಲು ಬಂದು ಇಲ್ಲೇ ಉಳಿದವರು. ನಮ್ಮ ಮನೆಗಳ ಮಣ್ಣಿನ ಮಾಡು ದಾರಿಯ ಮಟ್ಟಕ್ಕಿದೆ. ದಾರಿಯಿಂದ ತಳ್ಳಿದ್ದೆಲ್ಲ ನೇರ ನಮ್ಮ ತಲೆಯ ಮೇಲೆ.

ಮೂಲೆಯಲ್ಲಿ ಕುರಿಯ ಕರುಳು ತೊಳೆಯುತ್ತಿದ್ದ ಬುರ್ಮಾಕಾನ್ ತಲೆಯೆತ್ತಿದಳು. ನಮ್ಮ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು, ನಮಗೆಲ್ಲ ಎಜೆ, ಅಂದರೆ ಅಕ್ಕ.

"ಕೆಳಗೆ ನನ್ನ ಕೊಟ್ಟಿಗೆ ಇದೆ ಆತಾ. ಹೋದ ವರ್ಷ ನಿಮ್ಮ ಹುಡುಗ್ರು ಸಲಿಕೇಲಿ ಎಸೆದದ್ದಕ್ಕೇ ತೊಲೆ ಬಿರುಕು ಬಿಟ್ಟಿದೆ. ಹಸು ತುಂಬಿದ ಬಸುರಿ. ಮಾಡು ಕುಸಿದ್ರೆ ಹಸೂನೂ ಇಲ್ಲ, ಕರೂನೂ ಇಲ್ಲ. ನನಗಿರೋದು ಅದೊಂದೇ."

"ಕೊಟ್ಟಿಗೆ ಬೇರೆ ಕಡೆ ಕಟ್ಕೋ."

"ಎಲ್ಲಿ? ನಿಮ್ಮ ಸೇಬಿನ ತೋಟದಲ್ಲಾ?"

ಯಾರೂ ನಗಲಿಲ್ಲ. ಆತಾ ಎಸೆನ್‌ಕುಲನ ಕಡೆ ನೋಡಿ ಗದ್ದ ಎತ್ತಿದರು. ಅವನು ಮುಖವಾಡ ಹಾಕಿಕೊಂಡು ಬೆಂಕಿಯ ಕಿಡಿ ಹಾರಿಸಿದ. ಪಿನ್ನಿನ ತೂತು ತುಂಬಿಹೋಯಿತು.

ಊಟದಲ್ಲಿ ಮೂಳೆ ಸಿಗುವುದು ಅಂತಸ್ತಿನ ಪ್ರಕಾರ: ಕುರಿಯ ತಲೆ ಆತಾರ ಮುಂದೆ ಬಂತು, ದೊಡ್ಡ ತೊಡೆಮೂಳೆ ಅವರ ತಮ್ಮಂದಿರ ಮುಂದೆ. ಎಸೆನ್‌ಕುಲನಿಗೂ ಒಂದು ಒಳ್ಳೆಯ ಮೂಳೆ ಬಂತು. ಅವನ ವಂಶದಲ್ಲಿ ಯಾರಿಗೂ ಅಂಥ ಮೂಳೆ ಬಂದದ್ದಿಲ್ಲ. ಅವನು ತಲೆ ತಗ್ಗಿಸಿ ತಿಂದ. ಬುರ್ಮಾಕಾನಳಿಗೆ ಬಾಗಿಲ ಬಳಿ ಸಾರು ಸಿಕ್ಕಿತು. ಕೊನೆಗೆ ಎಲ್ಲರೂ ಅಂಗೈ ಬಿಚ್ಚಿ ಕೂತರು, ಆತಾ ಹರಸಿದರು: ಬ್ಲೇಡು ಗಟ್ಟಿಯಿರಲಿ, ದಾರಿ ತೆರೆದಿರಲಿ, ಇಂದು ಬೆಸೆದದ್ದನ್ನು ಯಾರೂ ಬಿಡಿಸದಿರಲಿ. ಅಂಗೈಗಳು ಮುಖ ಸವರಿದವು. ಅಲ್ಲಿಗೆ ಮುಗಿಯಿತು. ಹರಸಿದ ಮೇಲೆ ನಮ್ಮಲ್ಲಿ ಮಾತು ತೆಗೆಯುವ ಹಾಗಿಲ್ಲ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಸೇತುವೆಯಿಂದ ಹತ್ತತೊಡಗಿತು. ಬ್ಲೇಡು ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ಹಿಮ ಸುರುಳಿ ಸುತ್ತಿಕೊಂಡು ಪಕ್ಕಕ್ಕೆ ಹೊರಳುವುದನ್ನು ನೋಡಲು ಚಂದವೇ ಇತ್ತು. ಚಂದವೆಲ್ಲ ನಮ್ಮ ಮಾಡಿನ ಮೇಲೆ ಬಿತ್ತು. ಹೆಂಗಸರೆಲ್ಲ ಸಲಿಕೆ ಹಿಡಿದು ಮಾಡು ಹತ್ತಿದೆವು. ಬುರ್ಮಾಕಾನ್ ಎಜೆ ಕೊಟ್ಟಿಗೆಯ ಮೇಲೆ ಒಬ್ಬಳೇ ಹಿಮ ಎಳೆಯುತ್ತಿದ್ದಳು. ಕಾಲಡಿಯಲ್ಲಿ ತೊಲೆ ನರಳುತ್ತಿತ್ತು.

ಟ್ರ್ಯಾಕ್ಟರ್ ಶಾಲೆಯ ಮುಂದೆ ತಿರುಗಿ ಇಳಿಯತೊಡಗಿತು. ಆಗ ಗೊತ್ತಾಯಿತು ಹಿರಿಯರ ಬುದ್ಧಿ. ನಮ್ಮೂರಿನವರು ಏನನ್ನೇ ಲೆಕ್ಕ ಹಾಕಲಿ, ಬೆಟ್ಟಕ್ಕೆ ಮುಖ ಮಾಡಿಯೇ ಹಾಕುತ್ತಾರೆ. ಮೊದಲ ಮನೆ, ಕೊನೆಯ ಮನೆ, ಗೌರವದ ಜಾಗ, ಎಲ್ಲವೂ ಹತ್ತುವ ದಾರಿಯ ಲೆಕ್ಕ. ಹತ್ತಿದ ಗಾಡಿ ಇಳಿಯಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬ್ಲೇಡಿನ ಓರೆ ಅದೇ, ಆದರೆ ಗಾಡಿಯ ಮುಖ ತಿರುಗಿತ್ತು; ಈಗ ಹಿಮ ಹೊರಳಿದ್ದು ಬಣ್ಣದ ಗೇಟುಗಳ ಕಡೆಗೆ. ಆತಾರ ಗೇಟಿನ ಮುಂದೆ ಎದೆಮಟ್ಟದ ಗುಡ್ಡೆ ಎದ್ದಿತು.

"ಎತ್ತೋ! ಎತ್ತು ಅದನ್ನ!" ಆತಾ ಒಳಗಿನಿಂದ ಕೂಗಿದರು.

"ಬೆಸೆದದ್ದನ್ನ ಮುಟ್ಟಬಾರ್ದು ಅಂತ ಹರಸಿದ್ರಲ್ಲ ಆತಾ!" ಎಸೆನ್‌ಕುಲ್ ಸೀಟಿನಿಂದಲೇ ಕೂಗಿದ.

"ಬಿಡಿಸಬಾರ್ದು ಅಂದೆ. ಎತ್ತಬಾರ್ದು ಅಂದ್ನಾ? ಹತ್ತುವಾಗ ಇಳಿಸು, ಇಳಿಯುವಾಗ ಎತ್ತು. ಡೀಸೆಲ್ ಯಾರದ್ದೋ, ಮರೆತ್ಯಾ?"

ಎಸೆನ್‌ಕುಲ್ ಚೈನು ಎಳೆದ. ಬ್ಲೇಡು ಗಾಳಿಯಲ್ಲಿ ತೂಗುತ್ತಾ ಸೇತುವೆಗೆ ಇಳಿಯಿತು.

ಅವನು ಎರಡನೆಯ ಸಲ ಹತ್ತಿ ಬರುವಾಗ ದಾರಿಯ ನಡುವೆ ಬುರ್ಮಾಕಾನ್ ನಿಂತಿದ್ದಳು, ಪಕ್ಕದಲ್ಲಿ ಹಸು. ಅದರ ಬೆನ್ನಿಗೆ ತನ್ನ ಕಂಬಳಿ ಹೊದಿಸಿದ್ದಳು.

"ಎಜೆ, ಪಕ್ಕಕ್ಕೆ ಬನ್ನಿ. ನನಗೆ ಅವರ ಹತ್ರ ಮಾತು ಕೇಳಿಸ್ಬೇಡಿ."

"ಮಾತು ತಾನೇ? ಕೇಳ್ಕೋ. ನನ್ನ ಮಾಡು ಬೀಳ್ತಿದೆ."

"ನಾನೇನ್ ಮಾಡ್ಲಿ ಹೇಳಿ?"

"ಇಳಿಯುವಾಗ ಎತ್ತಬೇಡ. ಹತ್ತುವಾಗ ನಮಗೆ, ಇಳಿಯುವಾಗ ಅವರಿಗೆ. ಪೂರ್ತಿ ಅವರ ಮೇಲೇ ಹಾಕು ಅಂದ್ನೇನೋ?"

ಅವನು ಎಂಜಿನ್ ಆರಿಸಲಿಲ್ಲ, ಮುಂದಕ್ಕೂ ಬರಲಿಲ್ಲ. ನಾವು ಒಬ್ಬೊಬ್ಬರಾಗಿ ಮಾಡಿನಿಂದ ಇಳಿದು ಎಜೆಯ ಹಿಂದೆ ನಿಂತೆವು. ಯಾರೂ ಯಾರನ್ನೂ ಕರೆದಿರಲಿಲ್ಲ.

"ತಿಂದ ಮೂಳೆ ಗಂಟಲಲ್ಲಿ ಸಿಕ್ಕೊಂಡಿದ್ಯಾ ತಮ್ಮಾ?" ಎಜೆ ಕೇಳಿದಳು.

ಎಸೆನ್‌ಕುಲನ ಮುಖ ಕೆಂಪಾಯಿತು. "ಆಯ್ತು. ಹಸೂನ ಸರಿಸಿ," ಅಂದ.

ಹಸುವನ್ನು ಸರಿಸಿದೆವು. ಅವನು ಶಾಲೆಯವರೆಗೆ ಹತ್ತಿದ, ತಿರುಗಿದ, ಬ್ಲೇಡನ್ನು ನೆಲಕ್ಕೆ ಬಿಟ್ಟುಕೊಂಡೇ ಇಳಿದ. ಆತಾ ಗೇಟಿನ ಮೇಲಿಂದ ಕೂಗಿದ್ದು ಎಂಜಿನಿನ ಸದ್ದಿನಲ್ಲಿ ಕೇಳಿಸಲಿಲ್ಲ; ಬಾಯಿ ತೆರೆದು ಮುಚ್ಚುವುದಷ್ಟೇ ಕಂಡಿತು. ಅಂದು ಸಂಜೆಯ ಹೊತ್ತಿಗೆ ದಾರಿ ಎರಡೂ ತುದಿ ತೆರೆದಿತ್ತು. ಕಲ್ಲಿದ್ದಲಿನ ಗಾಡಿ ಶಾಲೆಯವರೆಗೆ ಬಂತು.

ಬೆಳಗಾಗುವಷ್ಟರಲ್ಲಿ ಆತಾರ ಮಕ್ಕಳು ಗ್ಯಾಸ್ ಕಟರ್ ತಂದು ಎರಡೂ ಚಾನಲ್‌ಗಳನ್ನು ಕತ್ತರಿಸಿ ಬ್ಲೇಡನ್ನು ಹಳ್ಳಕ್ಕೆ ಉರುಳಿಸಿದ್ದರು. ಹರಸಿದ್ದು ಬೆಸೆದದ್ದಕ್ಕೆ, ಚಾನಲ್‌ಗಳನ್ನು ಬಿಗಿದದ್ದು ಬೋಲ್ಟಿನಿಂದ ಎಂದರಂತೆ. ತಮ್ಮ ಗೇಟಿಗೆ ಅರ್ಧ ಹಿಮ ಬರುವುದಕ್ಕಿಂತ ಇಡೀ ಊರಿಗೆ ದಾರಿಯೇ ಇಲ್ಲದಿರುವುದು ಅವರಿಗೆ ಮೇಲೆನಿಸಿತು. ಮತ್ತೆ ಹಿಮ ಬಿತ್ತು. ಬಿದ್ದದ್ದು ಬಿದ್ದಲ್ಲೇ ಉಳಿಯಿತು.

ಬುರ್ಮಾಕಾನಳ ಮಾಡು ಉಳಿದಿತ್ತು. ಹಸು ಅದರಡಿಯಲ್ಲೇ ಈಯಿತು, ಹೆಣ್ಣು ಕರು. ಹಸು ಈದ ಮನೆಯವರು ಊರಿಗೆಲ್ಲ ಗಿಣ್ಣು ಹಂಚಬೇಕು, ಒಂದು ಮನೆಯನ್ನೂ ಬಿಡುವಂತಿಲ್ಲ. ಎಜೆ ಕಾಯಿಸಿ, ಬಟ್ಟಲುಗಳಲ್ಲಿ ತುಂಬಿ, ನಮ್ಮ ಸಾಲಿಗೆಲ್ಲ ಕೊಟ್ಟಳು. ಮೇಲಿನ ಮನೆಗಳಿಗೆಲ್ಲ ಸೇರಿಸಿ ತುಂಬಿದ ಕೊನೆಯ ದೊಡ್ಡ ಬಟ್ಟಲನ್ನು ಶಾಲಿನಡಿ ಇಟ್ಟುಕೊಂಡು, ತೊಡೆಮಟ್ಟದ ಹಿಮದಲ್ಲಿ ದಾರಿ ದಾಟಿದಳು. ನಾನು ಹಿಂದೆಯೇ ಹೋದೆ, ಬಿದ್ದರೆ ಎತ್ತಲು.

ಗೇಟು ತೆರೆದದ್ದು ಆತಾ ಖುದ್ದಾಗಿ.

"ಗಿಣ್ಣು," ಅಂದಳು. "ತಣ್ಣಗಾಗಿಹೋಗಿದೆ."

ಆತಾ ಅವಳ ಮುಖ ನೋಡದೆ ಬಟ್ಟಲು ತೆಗೆದುಕೊಂಡರು. "ಬಟ್ಟಲು ಆಮೇಲೆ ಕಳಿಸ್ಕೊಡ್ತೀವಿ."

"ಯಾವ ದಾರೀಲಿ ಆತಾ?"